ಸಿ ಭಾಷೆಯ ಕ್ರಮವಿಧಿಗಳಲ್ಲಿ ಸಿದ್ಧವಾಕ್ಯ: ಮಧ್ಯವರ್ತಿ ಲೈಬ್ರರಿಗಳ ಒಂದು ಪರಿಶೀಲನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನರಿಗೆ ಲೆಕ್ಕದ ಪುಸ್ತಕ ಹೊಸದಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಚಿಪ್ಪಿನೊಳಗೇ ಒಣಗಿದ ಕಾಯಿಯು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬಂದೊಡನೆ ಚೀಲವೆಷ್ಟು, ತೂಕವೆಷ್ಟು, ದರವೇನು ಎಂಬುದು ರೈತನ ಹೆಸರಿನ ಮುಂದೆ ಬರೆಯಲ್ಪಡುತ್ತದೆ. ಒಂದು ಕಾಲದಲ್ಲಿ ಈ ಬರವಣಿಗೆ ಮಂಡಿಯ ಗುಮಾಸ್ತರ ಕೈಯಲ್ಲಿತ್ತು. ಈಗ ಬಹುಮಟ್ಟಿಗೆ ಗಣಕಯಂತ್ರಕ್ಕೆ ಸೇರಿದೆ. 2000ದಲ್ಲಿ ಬಂದ ‘ಭೂಮಿ’ ಯೋಜನೆಯಿಂದ ಪಹಣಿಯು ತಾಲ್ಲೂಕು ಕಚೇರಿಯ ಗಣಕವನ್ನು ಸೇರಿತು. ಮಾರುಕಟ್ಟೆಯ ಟೆಂಡರ್ ಗಣಕೀಕೃತವಾಯಿತು. ಬೆಂಬಲ ಬೆಲೆಗೆ ಕೊಬ್ಬರಿ ಮಾರಬೇಕಾದರೆ ‘ಫ್ರೂಟ್ಸ್’ ನೋಂದಣಿ ಸಂಖ್ಯೆ ಬೇಕು. ರೈತನ ಹೆಸರು, ಊರು, ತೂಕ ಇವು ಬೆರಳಚ್ಚು ಫಲಕದಿಂದ ದತ್ತಸಂಚಯಕ್ಕೆ, ಅಂದರೆ ವಾಡಿಕೆಯಲ್ಲಿ ಡೇಟಾಬೇಸ್ ಎನ್ನುವ ಉಗ್ರಾಣಕ್ಕೆ, ದಾಟುವ ಆ ಒಂದು ಕ್ಷಣವೇ ಪ್ರಸ್ತುತ ಲೇಖನದ ವಿಷಯ.

ವಿಷಯವು ತಾಂತ್ರಿಕವಾದುದರಿಂದ ಮೊದಲು ನಮಗೆಲ್ಲ ಪರಿಚಿತವಾದ ಒಂದು ವಸ್ತುವಿನಿಂದ ಹೊರಡೋಣ. ಶಾಲೆಗೆ ದೇಣಿಗೆ ಕೊಟ್ಟವರಿಗೆ ರಸೀತಿ ಕೊಡುತ್ತೇವೆ. ರಸೀತಿ ಪುಸ್ತಕವು ಮೊದಲೇ ಮುದ್ರಿತವಾಗಿರುತ್ತದೆ. ಹೆಸರಿಗೊಂದು, ಮೊಬಲಗಿಗೊಂದು, ದಿನಾಂಕಕ್ಕೊಂದು ತೆರವು ಬಿಟ್ಟಿರುತ್ತಾರೆ. ಹೆಸರಿನ ತೆರವಿನಲ್ಲಿ ಯಾರು ಏನನ್ನೇ ಬರೆಯಲಿ, ಅದು ಹೆಸರೆಂದೇ ಪರಿಗಣಿಸಲ್ಪಡುತ್ತದೆ. ಮುದ್ರಿತ ಸಾಲಿನ ಅರ್ಥವನ್ನು ಅದು ಬದಲಿಸಲಾರದು. ಹೀಗಲ್ಲದೆ ಬಿಳಿ ಹಾಳೆಯೊಂದನ್ನು ಹಿಡಿದು ದಾನಿಗಳು ಹೇಳಿದ್ದನ್ನೆಲ್ಲ ತಮ್ಮ ಮಾತಿನೊಡನೆ ಬೆರೆಸಿ ಗುಮಾಸ್ತರು ಬರೆಯುತ್ತ ಹೋದರೆ, ಯಾವುದು ಶಾಲೆಯ ಮಾತು, ಯಾವುದು ದಾನಿಯ ಮಾತು ಎಂಬುದು ಓದುವವನಿಗೆ ತಿಳಿಯುವುದು ಹೇಗೆ?

ದತ್ತಸಂಚಯಕ್ಕೆ ಆಜ್ಞೆ ಕೊಡುವ ಭಾಷೆ ಎಸ್‌ಕ್ಯೂಎಲ್. ಅದರಲ್ಲಿ ಅಕ್ಷರರೂಪದ ಬೆಲೆಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಬಹಳ ವರ್ಷಗಳ ಹಿಂದೆ ಈ ಲೇಖಕನು ಒಂದು ಮಂಡಿಗಾಗಿ ಸಿ ಭಾಷೆಯಲ್ಲಿ ಪುಟ್ಟ ಕ್ರಮವಿಧಿಯೊಂದನ್ನು ರಚಿಸಿದ್ದನು. ಹೆಸರು, ಊರು, ತೂಕ ಇವನ್ನು ‘ಸ್ಪ್ರಿಂಟ್ಎಫ್’ ಎಂಬ ಸಾಧನದಿಂದ ಒಂದೇ ಸಾಲಿನಲ್ಲಿ ಪೋಣಿಸಿ ಕಳುಹಿಸುವುದು ಅದರ ರೀತಿ. ಬಿಳಿ ಹಾಳೆಯ ಗುಮಾಸ್ತರ ರೀತಿಯೇ ಸರಿ. ಒಂದು ದಿನ ಚಿಕ್ಕನಾಯಕನಹಳ್ಳಿಯನ್ನು ಚುಟುಕಾಗಿಸಿ ‘ಚಿ’ ಅಕ್ಷರದ ಮುಂದೆ ಉದ್ಧರಣ ಚಿಹ್ನೆಯೊಂದನ್ನಿಟ್ಟು ‘ಹಳ್ಳಿ’ ಎಂದು ಬೆರಳಚ್ಚು ಮಾಡಿದರು. ಆ ಚಿಹ್ನೆಯನ್ನು ಕಂಡೊಡನೆ ದತ್ತಸಂಚಯವು ಊರಿನ ಹೆಸರು ಅಲ್ಲಿಗೇ ಮುಗಿಯಿತೆಂದು ಭಾವಿಸಿ, ಉಳಿದ ‘ಹಳ್ಳಿ’ಯನ್ನು ಅರ್ಥವಾಗದ ಆಜ್ಞೆಯೆಂದು ತಿರಸ್ಕರಿಸಿತು. ಮರಳಿ ಬಂದ ದೋಷಸಂಖ್ಯೆಯನ್ನು ನನ್ನ ಕ್ರಮವಿಧಿ ನೋಡಲೇ ಇಲ್ಲ. ವಾರದ ಮೇಲೆ ಆ ರೈತರು ಬಂದು ತಮ್ಮ ಆರು ಚೀಲ ಲೆಕ್ಕದಲ್ಲಿ ಏಕೆ ಇಲ್ಲವೆಂದು ಕೇಳಿದಾಗಲೇ ಸಂಗತಿ ತಿಳಿದುದು. ಅವರ ಕೈಯಲ್ಲಿ ತೂಕದ ಚೀಟಿ ಇತ್ತು. ಇಲ್ಲದಿದ್ದರೆ ಯಂತ್ರದ ಮಾತೇ ನಿಲ್ಲುತ್ತಿತ್ತು.

ಇದು ಅರಿಯದೆ ಆದ ಪ್ರಮಾದ. ಇದೇ ಬಿರುಕಿನೊಳಗೆ ಬೇಕೆಂದೇ ಅನ್ಯ ಆಜ್ಞೆಯನ್ನು ತುರುಕುವ ದುಷ್ಟವಿದ್ಯೆಯೂ ಉಂಟು. 1998ರಲ್ಲಿ ‘ಫ್ರ್ಯಾಕ್’ ಎಂಬ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಲ್ ಅದನ್ನು ವಿವರಿಸಿದರು. ಈಗ ಅದು ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕುಪ್ರಸಿದ್ಧವಾಗಿದೆ.

ಪರಿಹಾರವು ರಸೀತಿ ಪುಸ್ತಕದ ರೀತಿಯದೇ. ತೆರವುಗಳುಳ್ಳ ವಾಕ್ಯವನ್ನು ಮೊದಲು ದತ್ತಸಂಚಯಕ್ಕೆ ಕಳುಹಿಸಿ ಅರ್ಥಮಾಡಿಸುವುದು, ಅನಂತರ ಬೆಲೆಗಳನ್ನು ಪ್ರತ್ಯೇಕವಾಗಿ ತೆರವುಗಳಿಗೆ ಕಟ್ಟುವುದು, ಆಮೇಲೆ ನಡೆಸುವುದು. ಇದನ್ನು ತಂತ್ರಜ್ಞರು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುವರು, ನಾವು ಸಿದ್ಧವಾಕ್ಯವೆನ್ನೋಣ. ವಾಕ್ಯವನ್ನು ಮುಂಚಿತವಾಗಿ ಪರಿಷ್ಕರಿಸಿಡುವ ಆಲೋಚನೆ 1970ರ ದಶಕದಲ್ಲಿ ಐಬಿಎಂ ಸಂಸ್ಥೆಯ ‘ಸಿಸ್ಟಂ ಆರ್’ ಪ್ರಯೋಗದಲ್ಲೇ ಇತ್ತು. ಆಗಿನ ಮುಖ್ಯ ಉದ್ದೇಶ ವೇಗ: ಒಂದೇ ವಾಕ್ಯವನ್ನು ಸಾವಿರ ಬಾರಿ ನಡೆಸುವಾಗ ಸಾವಿರ ಬಾರಿ ಅರ್ಥ ಬಿಡಿಸುವ ಶ್ರಮ ಏಕೆ ಎಂಬುದು. ರಕ್ಷಣೆಯ ಗುಣಕ್ಕೆ ಪ್ರಾಶಸ್ತ್ಯ ಬಂದುದು ತಡವಾಗಿ.

ಇನ್ನು ಮಧ್ಯವರ್ತಿ ಲೈಬ್ರರಿಗಳ ವಿಚಾರ. ದತ್ತಸಂಚಯಗಳು ಹಲವು, ಒಂದೊಂದರ ಸಿ ಕರೆಗಳೂ ಬೇರೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಲ್ಲಿ ತೆರವಿನ ಗುರುತು ‘?’, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ $1, $2 ಎಂದು ಕ್ರಮಸಂಖ್ಯೆ, ಆರಾಕಲ್‌ನಲ್ಲಿ ಅರ್ಧವಿರಾಮದಂಥ ಎರಡು ಚುಕ್ಕಿಯ ಮುಂದೆ ಹೆಸರು. ಒಮ್ಮೆ ಬರೆದ ಕ್ರಮವಿಧಿ ಎಲ್ಲದರೊಡನೆಯೂ ಮಾತನಾಡಬೇಕೆಂದರೆ ನಡುವೆ ದುಭಾಷಿಯೊಬ್ಬ ಬೇಕು. ಆ ದುಭಾಷಿಗೆ ಸಿದ್ಧವಾಕ್ಯ ಗೊತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

‘ಲಿಬ್‌ಡಿಬಿಐ’ ಎಂಬುದು ಪರ್ಲ್ ಭಾಷೆಯ ಡಿಬಿಐ ಮಾದರಿಯನ್ನು ಅನುಸರಿಸಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಸಿ ಭಾಷೆಗಾಗಿ ರೂಪುಗೊಂಡ ದುಭಾಷಿ. ಲೆಕ್ಕಪತ್ರದ ತಂತ್ರಾಂಶವಾದ ಗ್ನೂಕ್ಯಾಶ್ ತನ್ನ ಎಸ್‌ಕ್ಯೂಎಲ್ ಸಂಗ್ರಹಕ್ಕೆ ಇದನ್ನೇ ಆಶ್ರಯಿಸಿದೆ. ಆದರೆ ಇದರಲ್ಲಿ ಸಿದ್ಧವಾಕ್ಯಕ್ಕೆ ಕರೆಯೇ ಇಲ್ಲ. ಇರುವುದು ವಾಕ್ಯವನ್ನು ಪೋಣಿಸುವ ಕರೆ, ಮತ್ತು ಬೆಲೆಯಲ್ಲಿರುವ ಉದ್ಧರಣ ಚಿಹ್ನೆಗಳನ್ನು ಕಾಪಿಟ್ಟು ಬರೆದುಕೊಡುವ ಕರೆ. ಇದನ್ನು ರಚಿಸಿದವರ ಅಜ್ಞಾನವೆನ್ನುವುದು ಅನ್ಯಾಯವಾದೀತು. ಮೈಎಸ್‌ಕ್ಯೂಎಲ್ ತನ್ನ ಸಿದ್ಧವಾಕ್ಯವನ್ನು ಬಳಕೆಗೆ ಕೊಟ್ಟುದು 4.1ನೆಯ ಆವೃತ್ತಿಯಲ್ಲಿ, 2004ರಲ್ಲಿ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಸಿ ಲೈಬ್ರರಿಗೆ ಬೆಲೆಗಳನ್ನು ಬೇರೆಯಾಗಿ ಕಳುಹಿಸುವ ಕರೆ 2003ರಲ್ಲಿಯೂ ‘ಪ್ರಿಪೇರ್’ ಕರೆ 2005ರಲ್ಲಿಯೂ ಸೇರಿದವು. ಸೇವಿಸಬೇಕಾದವರಲ್ಲೇ ಇಲ್ಲದ ಸೌಕರ್ಯವನ್ನು ದುಭಾಷಿ ಎಲ್ಲಿಂದ ತಂದಾನು?

ಇದಕ್ಕೆ ವ್ಯತಿರಿಕ್ತವಾಗಿ 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓಡಿಬಿಸಿಯಲ್ಲಿ ‘ಪ್ರಿಪೇರ್’, ‘ಬೈಂಡ್ ಪ್ಯಾರಾಮೀಟರ್’, ‘ಎಕ್ಸಿಕ್ಯೂಟ್’ ಎಂಬ ಕರೆಗಳು ವಿನ್ಯಾಸದ ನಡುಗಂಬವೇ ಆಗಿವೆ. ಅಪಾಚಿ ಬಳಗದ ‘ಎಪಿಆರ್ ಡಿಬಿಡಿ’ಯು ಮತ್ತೊಂದು ಜಾಣ ದಾರಿ ಹಿಡಿದಿದೆ: ತೆರವನ್ನು ಸಿ ಭಾಷೆಯವರಿಗೆ ಚಿರಪರಿಚಿತವಾದ ಶೇಕಡಾ ಗುರುತಿನಿಂದ ಬರೆಸಿ, ಅದನ್ನು ಆಯಾ ದತ್ತಸಂಚಯದ ಗುರುತಿಗೆ ತಾನೇ ಪರಿವರ್ತಿಸುತ್ತದೆ.

ಕಾಪಿಟ್ಟು ಬರೆದರೆ ಸಾಲದೇ ಎಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಸಾಕೆಂದೇ ನಂಬಿದ್ದೆ. ಆದರೆ ಯಾವುದು ಉದ್ಧರಣ ಚಿಹ್ನೆಯೆಂದು ಗುರುತಿಸಲು ಅಕ್ಷರಗಳ ಬೈಟ್‌ಗಳನ್ನು ಸರಿಯಾಗಿ ಬಿಡಿಸಬೇಕು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ತಿಪಟೂರು’ ಎಂಬುದು ಏಳು ಸಂಕೇತ, 21 ಬೈಟ್. ಅರ್ಧಕ್ಕೆ ತುಂಡಾದ, ಅಸಿಂಧುವಾದ ಬೈಟ್‌ಸಾಲು ಬಂದಾಗ ಕಾಯುವವನೂ ಓದುವವನೂ ಬೇರೆ ಬೇರೆಯಾಗಿ ಬಿಡಿಸಿದರೆ ಕಾವಲು ತಪ್ಪುತ್ತದೆ. 2025ರ ಫೆಬ್ರವರಿಯಲ್ಲಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಕಾಪಿಡುವ ಕರೆಗಳಲ್ಲಿಯೇ ಇಂಥ ದೋಷ ಹೊರಬಿದ್ದು ತಿದ್ದುಪಡಿ ಪ್ರಕಟವಾಯಿತು. ವರ್ಷಾನುಗಟ್ಟಲೆ ಜಗತ್ತು ನಂಬಿದ್ದ ಕರೆಗಳವು. ಬೆಲೆಯನ್ನು ವಾಕ್ಯದೊಳಗೆ ಬೆರೆಸದೆ ಬೇರೆಯಾಗಿಯೇ ಕಳುಹಿಸುವ ಕಡೆ ಈ ಕಾವಲಿನ ಪ್ರಶ್ನೆಯೇ ಹುಟ್ಟುವುದಿಲ್ಲ.

ಇಲ್ಲಿಯೂ ಒಂದು ಎಚ್ಚರ. ಹೆಸರಿಗೆ ಸಿದ್ಧವಾಕ್ಯವೆಂದು ಹೇಳಿ ಒಳಗೆ ಕಾಪಿಟ್ಟು ಪೋಣಿಸುವ ಚಾಲಕಗಳೂ ಉಂಟು. ಮೈಎಸ್‌ಕ್ಯೂಎಲ್‌ನ ಓಡಿಬಿಸಿ ಚಾಲಕದಲ್ಲಿ ದತ್ತಸಂಚಯದ ಕಡೆಯ ಸಿದ್ಧವಾಕ್ಯವನ್ನು ಬೇಡವೆನ್ನುವ ಆಯ್ಕೆಯೇ ಇದೆ. ಲೈಬ್ರರಿಯ ಕರೆಪಟ್ಟಿಯನ್ನು ಮಾತ್ರ ನೋಡಿದರೆ ಸಾಲದು, ಚಾಲಕದ ಕೈಪಿಡಿಯನ್ನೂ ಓದಬೇಕು.

ಸಿ ಭಾಷೆಯವರಿಗೆಂದೇ ಮೀಸಲಾದ ಇನ್ನೊಂದು ಕಷ್ಟವಿದೆ. ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿಯೇ. ಓಡಿಬಿಸಿಯಲ್ಲಿ ತೆರವಿಗೆ ಕಟ್ಟುವುದು ಬೆಲೆಯನ್ನಲ್ಲ, ಬೆಲೆಯಿರುವ ಜಾಗದ ವಿಳಾಸವನ್ನು. ಬೆಲೆಯನ್ನು ಓದುವುದು ವಾಕ್ಯ ನಡೆಯುವಾಗ. ಫಂಕ್ಷನ್ ಒಂದರೊಳಗಿನ ಸ್ಥಳೀಯ ಚರವನ್ನು ಕಟ್ಟಿ, ಆ ಫಂಕ್ಷನ್‌ನಿಂದ ಹೊರಬಂದ ಮೇಲೆ ವಾಕ್ಯವನ್ನು ನಡೆಸಿದರೆ, ಆ ಜಾಗದಲ್ಲಿ ಅಷ್ಟರೊಳಗೆ ಏನು ಬಂದು ಕುಳಿತಿದೆಯೋ ಅದೇ ರೈತನ ತೂಕವಾಗಿ ದಾಖಲಾಗುತ್ತದೆ. ದೋಷಸಂಖ್ಯೆಯೂ ಬಾರದು. ಎಸ್‌ಕ್ಯೂಲೈಟ್ ಇದನ್ನು ಬಲ್ಲುದರಿಂದ, ಅಕ್ಷರಸಾಲನ್ನು ಕಟ್ಟುವಾಗ ‘ಸ್ಟ್ಯಾಟಿಕ್’ ಅಥವಾ ‘ಟ್ರಾನ್ಸಿಯೆಂಟ್’ ಎಂದು ಹೇಳಿಸಿಕೊಳ್ಳುತ್ತದೆ. ಎರಡನೆಯದನ್ನು ಹೇಳಿದರೆ ತಾನೇ ಒಂದು ನಕಲು ಮಾಡಿಟ್ಟುಕೊಳ್ಳುತ್ತದೆ. ಅನುಮಾನವಿದ್ದಾಗ ಎರಡನೆಯದೇ ಕ್ಷೇಮ. ಉದ್ದವನ್ನು ಕೊಡುವಾಗ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಎಣಿಸಬೇಕು.

ಸಿದ್ಧವಾಕ್ಯ ಸರ್ವರೋಗಕ್ಕೂ ಮದ್ದಲ್ಲ. ತೆರವಿನಲ್ಲಿ ಬೆಲೆ ಮಾತ್ರ ಕೂರಬಲ್ಲುದು. ಕೋಷ್ಟಕದ ಹೆಸರಾಗಲಿ, ಏರಿಕೆ ಇಳಿಕೆಯ ಕ್ರಮವಾಗಲಿ ಕೂರದು. ಅವನ್ನು ಕ್ರಮವಿಧಿಯೊಳಗೇ ಇರುವ ಮಂಜೂರಾದ ಪಟ್ಟಿಯಿಂದ ಆರಿಸಬೇಕು. ವೇಗದ ವಿಷಯದಲ್ಲಿಯೂ ಒಂದು ತೊಡಕು: ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮೊದಲ ಐದು ಬಾರಿ ಆಯಾ ಬೆಲೆಯನ್ನು ನೋಡಿ ಹುಡುಕುವ ಮಾರ್ಗವನ್ನು ನಿರ್ಧರಿಸುತ್ತದೆ, ಆಮೇಲೆ ಲಾಭಕರವೆಂದು ಕಂಡರೆ ಎಲ್ಲ ಬೆಲೆಗೂ ಒಂದೇ ಸಾಮಾನ್ಯ ಮಾರ್ಗವನ್ನು ಹಿಡಿಯುತ್ತದೆ. ಲಕ್ಷ ದಾಖಲೆಗಳಿರುವ ಪೇಟೆಗೂ ಹತ್ತು ದಾಖಲೆಗಳಿರುವ ಹಳ್ಳಿಗೂ ಒಂದೇ ಮಾರ್ಗ ಒಗ್ಗದಿರಬಹುದು.

ನಮ್ಮ ಶಾಲೆಯಂಥ ಕಡೆ ಆರಂಭಿಸುವವರಿಗೆ ಎಸ್‌ಕ್ಯೂಲೈಟ್ ಸಾಕು. ಬೇರೆ ಸರ್ವರ್ ಬೇಡ, ಒಂದು ಕಡತದಲ್ಲಿ ಎಲ್ಲವೂ ಇರುತ್ತದೆ. ಪಾಠದ ಮೊದಲ ದಿನವೇ ‘ಪ್ರಿಪೇರ್’ ಮತ್ತು ‘ಬೈಂಡ್’ ಕಲಿಸಬೇಕೆಂಬುದು ನನ್ನ ಅಭಿಮತ. ಪೋಣಿಸುವುದನ್ನು ಸುಲಭವೆಂದು ಮೊದಲು ಕಲಿಸಿ ಆಮೇಲೆ ಬಿಡಿಸಲು ಹೊರಟರೆ ಕೈಗೆ ಹತ್ತಿದ ರೂಢಿ ಬಿಡುವುದಿಲ್ಲ. ಅಂಕಪಟ್ಟಿಯನ್ನೋ ಕೊಬ್ಬರಿಯ ತೂಕವನ್ನೋ ಅಭ್ಯಾಸಕ್ಕೆ ತೆಗೆದುಕೊಂಡು, ಉದ್ಧರಣ ಚಿಹ್ನೆಯುಳ್ಳ ಹೆಸರೊಂದನ್ನು ಬೇಕೆಂದೇ ಸೇರಿಸಿ ಪರೀಕ್ಷಿಸಲಿ. ಇದೇ ಅಭ್ಯಾಸದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವೆಂದರೆ, ಎಸ್‌ಕ್ಯೂಲೈಟ್‌ನ ‘ರೀಸೆಟ್’ ಕರೆಯು ವಾಕ್ಯವನ್ನು ಮತ್ತೆ ನಡೆಸಲು ಅಣಿಗೊಳಿಸುತ್ತದೆಯೇ ಹೊರತು ಕಟ್ಟಿದ ಬೆಲೆಗಳನ್ನು ಅಳಿಸುವುದಿಲ್ಲ. ಎರಡನೆಯ ರೈತನ ತೂಕವನ್ನು ಕಟ್ಟಲು ಮರೆತರೆ ಮೊದಲಿನವನ ತೂಕವೇ ಎರಡನೆಯವನ ಹೆಸರಿಗೆ ಸೇರಿಬಿಡುತ್ತದೆ. ಆದುದರಿಂದ ಪ್ರತಿ ಸುತ್ತಿನಲ್ಲೂ ‘ಕ್ಲಿಯರ್ ಬೈಂಡಿಂಗ್ಸ್’ ಕರೆಯನ್ನೂ ಹಾಕಿ, ಪ್ರತಿ ಕರೆಯಿಂದ ಮರಳಿದ ಸಂಖ್ಯೆಯನ್ನು ನೋಡಿಯೇ ಮುಂದುವರಿಯತಕ್ಕದ್ದು.