ತೊಗರಿ ಗಿಡದೊಳಗಿನ ಜೀವಕೋಶ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ತೊಗರಿ ಹೊಲವನ್ನು ಕಣ್ಣ ಮುಂದಿಟ್ಟುಕೊಂಡು ಓದಿದರೆ ಕೋಶಾಂಗಗಳ ಪಾಠ ಮರೆಯುವುದಿಲ್ಲ. ತೊಗರಿ ಕಾಳಿನಲ್ಲಿ ಸುಮಾರು 20–22% ಪ್ರೋಟೀನ್ ಇದೆ. ಕೋಶಕೇಂದ್ರದ ಡಿಎನ್‌ಎ ಸೂಚನೆಯನ್ನು ಎಂಆರ್‌ಎನ್‌ಎ ಹೊರಗೆ ತರುತ್ತದೆ; ಒರಟು ಎಂಡೋಪ್ಲಾಸ್ಮಿಕ್ ಜಾಲದ ಮೇಲಿನ ರೈಬೋಸೋಮುಗಳು ಅದನ್ನು ಓದಿ ಪ್ರೋಟೀನ್ ಕಟ್ಟುತ್ತವೆ; ಗಾಲ್ಗಿ ಸಂಕೀರ್ಣ ವಿಂಗಡಿಸಿ ಸಾಗಿಸುತ್ತದೆ; ರಸದಾನಿಗಳಲ್ಲಿ ಅದು ಶೇಖರವಾಗುತ್ತದೆ. ನಮ್ಮ ತಟ್ಟೆಯ ಬೇಳೆಯ ಸತ್ವ ಈ ದಾರಿಯಲ್ಲೇ ಬಂದದ್ದು.

ಇಷ್ಟಕ್ಕೆಲ್ಲ ಶಕ್ತಿ ಬೇಕು. ಎಲೆಯ ಕ್ಲೋರೋಪ್ಲಾಸ್ಟ್ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ, ಮೈಟೋಕಾಂಡ್ರಿಯಾ ಹಗಲಿರುಳೂ ಎಟಿಪಿ ಒದಗಿಸುತ್ತದೆ. ಸಸ್ಯಕೋಶದಲ್ಲಿ ಮೈಟೋಕಾಂಡ್ರಿಯಾ ಇಲ್ಲ ಎಂದು ಬರೆದು ಅಂಕ ಕಳೆದುಕೊಳ್ಳುವವರು ಹಲವರು, ಎರಡೂ ಇರುತ್ತವೆ.

ಬೇರನ್ನೂ ಕಿತ್ತು ನೋಡಿ. ಗಂಟುಗಳ ಕೋಶಗಳಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಸಾರಜನಕ ಸ್ಥಿರೀಕರಿಸುತ್ತದೆ: ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ ಖರ್ಚು. ಗಂಟು ಸೀಳಿದಾಗ ಕಾಣುವ ಗುಲಾಬಿ ಬಣ್ಣ ಲೆಗ್‌ಹಿಮೋಗ್ಲೋಬಿನ್‌ದು. ಅದು ಆಮ್ಲಜನಕವನ್ನು ಹಿಡಿದಿಟ್ಟು ನೈಟ್ರೋಜಿನೇಸ್ ಕಿಣ್ವವನ್ನು ಕಾಪಾಡುತ್ತದೆ.

ನೆನಪಿಡಿ: ಜೀವಕೋಶ – ರಾಬರ್ಟ್ ಹುಕ್, 1665, ಕೋಶಕೇಂದ್ರ – ರಾಬರ್ಟ್ ಬ್ರೌನ್, 1831. ಕೋಶದ್ರವದ ರೈಬೋಸೋಮ್ 80ಎಸ್. ಕ್ಲೋರೋಪ್ಲಾಸ್ಟ್ ಮತ್ತು ಬ್ಯಾಕ್ಟೀರಿಯಾದ್ದು 70ಎಸ್.