ಗಣಕದ ಅಂಗಳವನ್ನು ಬುಡದಿಂದ ಕಟ್ಟುವ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲರ್ಧ ಗಣಕಯಂತ್ರದ ಪರದೆಗೂ ಸಲ್ಲುವುದೆಂದು ನನಗೆ ಅನುಭವದಿಂದ ತಿಳಿಯಿತು. ಗಣಕವನ್ನು ಚಾಲೂ ಮಾಡಿದೊಡನೆ ಕಾಣುವ ಪಟ್ಟಿಗಳು, ಕಿಟಕಿಗಳು, ಕಡತಗಳ ಚಿತ್ರಗಳು ಇವೆಲ್ಲ ಸೇರಿದ ವ್ಯವಸ್ಥೆಯೇ ‘ಡೆಸ್ಕ್‌ಟಾಪ್ ಪರಿಸರ’. ಸಾಮಾನ್ಯವಾಗಿ ಇದು ಸಿದ್ಧರೂಪದಲ್ಲಿ ನಮ್ಮ ಕೈಸೇರುತ್ತದೆ. ಆದರೆ ಯುನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಅದರ ಮೂಲ ಸಂಕೇತವನ್ನು, ಅಂದರೆ ತಂತ್ರಜ್ಞರು ಬರೆದ ಬರಹವನ್ನೇ, ಪಡೆದು ನಾವೇ ಕಟ್ಟಿಕೊಳ್ಳಬಹುದು. ಆ ಕ್ರಮವನ್ನೂ ಅದರಿಂದ ನಮ್ಮ ಭಾಷೆಗಿರುವ ಪ್ರಯೋಜನವನ್ನೂ ಇಲ್ಲಿ ತಿಳಿಸಲು ಯತ್ನಿಸಿದ್ದೇನೆ.

ಇಂತಹ ಪರಿಸರಗಳು ಹಲವಿವೆ. 1996ರಲ್ಲಿ ಮಥಿಯಾಸ್ ಎಟ್ರಿಚ್ ಅವರು ‘ಕೆಡಿಇ’ಯನ್ನೂ, 1997ರಲ್ಲಿ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಅವರು ‘ಗ್ನೋಮ್’ ಅನ್ನೂ ಆರಂಭಿಸಿದರು. ನಾನು ಆರಿಸಿಕೊಂಡದ್ದು ಒಲಿವಿಯೆ ಫೂರ್ದಾಂ ಅವರು 1996ರಲ್ಲಿ ಆರಂಭಿಸಿದ ‘ಎಕ್ಸ್‌ಎಫ್‌ಸಿಇ’. ಗಾತ್ರದಲ್ಲಿ ಚಿಕ್ಕದಾದ ಇದು ಕಲಿಯುವವರಿಗೆ ಅನುಕೂಲ. ಇದರ 4.20ನೆಯ ಆವೃತ್ತಿ 2024ರ ಡಿಸೆಂಬರಿನಲ್ಲಿ ಹೊರಬಂದಿತು.

ಕಟ್ಟುವಾಗ ಮುಖ್ಯವಾದುದು ಅನುಕ್ರಮ. ತಳಹದಿಯಾಗಿ ‘ಜಿಟಿಕೆ’ ಮೊದಲಾದ ಸಾಧನಗಳೂ ಅವುಗಳ ‘ಹೆಡರ್’ ಕಡತಗಳೂ ಮೊದಲೇ ಇರಬೇಕು. ಬಳಿಕ ಎಲ್ಲ ಭಾಗಗಳಿಗೂ ಬೇಕಾಗುವ ‘ಲಿಬ್‌ಎಕ್ಸ್‌ಎಫ್‌ಸಿಇ4ಯುಟಿಲ್’, ಆಮೇಲೆ ನಮ್ಮ ಆಯ್ಕೆಗಳನ್ನು ನೆನಪಿಡುವ ‘ಎಕ್ಸ್‌ಎಫ್‌ಕಾನ್ಫ್’, ಅನಂತರ ‘ಲಿಬ್‌ಎಕ್ಸ್‌ಎಫ್‌ಸಿಇ4ಯುಐ’. ಇವು ಮುಗಿದ ಮೇಲೆಯೇ ಕಣ್ಣಿಗೆ ಕಾಣುವ ಪ್ಯಾನೆಲ್, ಕಡತಗಳನ್ನು ನೋಡಿಕೊಳ್ಳುವ ‘ಥುನಾರ್’, ಕಿಟಕಿಗಳನ್ನು ನಿರ್ವಹಿಸುವ ‘ಎಕ್ಸ್‌ಎಫ್‌ಡಬ್ಲ್ಯುಎಂ4’ ಇವುಗಳ ಸರದಿ.

ಪ್ರತಿಯೊಂದು ಭಾಗಕ್ಕೂ ಮೂರು ಹೆಜ್ಜೆಗಳು. ‘ಕಾನ್ಫಿಗರ್’ ಎಂಬ ಆದೇಶ ಬೇಕಾದ ಸಾಮಗ್ರಿ ಇದೆಯೇ ಎಂದು ಪರೀಕ್ಷಿಸುತ್ತದೆ. ‘ಮೇಕ್’ ಎಂಬುದು ಬರಹವನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುತ್ತದೆ. ‘ಮೇಕ್ ಇನ್‌ಸ್ಟಾಲ್’ ಅದನ್ನು ಸ್ವಸ್ಥಾನದಲ್ಲಿ ಇರಿಸುತ್ತದೆ.

ಎರಡನೆಯ ಭಾಗದಲ್ಲಿಯೇ ನಾನು ಎಡವಿದೆ. ಆಗತಾನೆ ಸ್ಥಾಪಿಸಿದ್ದ ಮೊದಲನೆಯ ಭಾಗವು ‘ಸಿಗಲಿಲ್ಲ’ ಎಂದು ಗಣಕ ವರದಿ ಮಾಡಿತು. ಎರಡು ಸಂಜೆ ಕಳೆದ ಮೇಲೆ ತಪ್ಪು ನನ್ನದೇ ಎಂದು ಗೊತ್ತಾಯಿತು. ಗಣಕದ ಮೂಲ ವ್ಯವಸ್ಥೆ ಕೆಡದಿರಲೆಂದು ಎಲ್ಲವನ್ನೂ ನನ್ನ ಸ್ವಂತ ಕೋಶದೊಳಗೆ ಇರಿಸಿದ್ದೆ. ಸಾಮಗ್ರಿಯನ್ನು ಹುಡುಕಿಕೊಡುವ ‘ಪಿಕೆಜಿ-ಕಾನ್ಫಿಗ್’ ಅಲ್ಲಿ ನೋಡಿರಲಿಲ್ಲ. ‘ಪಿಕೆಜಿ ಕಾನ್ಫಿಗ್ ಪಾತ್’ ಎಂಬಲ್ಲಿ ಆ ಕೋಶದ ದಾರಿಯನ್ನು ಬರೆದುಕೊಟ್ಟೆ. ಕೆಲಸ ಮುಂದೆ ಸಾಗಿತು. ಹೀಗೆ ಪ್ರತ್ಯೇಕ ಕೋಶದಲ್ಲಿ ಇಡುವುದೇ ಕ್ಷೇಮ; ಕೆಟ್ಟರೆ ಆ ಒಂದು ಕೋಶವನ್ನು ಅಳಿಸಿದರೆ ಸಾಕು.

ಇನ್ನು ಕನ್ನಡದ ವಿಚಾರ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಗಣಕವು ‘ಕ್ಷ’ ಎಂಬುದನ್ನು ಕಕಾರ, ಹಲಂತ ಚಿಹ್ನೆ, ಷಕಾರ ಎಂದು ಮೂರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಇವನ್ನು ಒತ್ತಕ್ಷರವಾಗಿ ಕೂಡಿಸುವುದು ಜಿಟಿಕೆಯ ಕೆಳಗಿರುವ ‘ಪ್ಯಾಂಗೋ’ ಮತ್ತು ‘ಹಾರ್ಫ್‌ಬಜ್’ ಎಂಬ ಸಾಧನಗಳು. ಈ ಕೂಡಿಕೆ ನಡೆಯದಿದ್ದರೆ ಪರದೆಯ ಮೇಲೆ ನಮ್ಮ ಅಕ್ಷರಗಳು ಚದುರಿ ನಿಲ್ಲುತ್ತವೆ.

ಮೂಲ ಸಂಕೇತದೊಳಗೆ ‘ಪಿಓ’ ಎಂಬ ಕೋಶವೊಂದಿರುತ್ತದೆ. ಅಲ್ಲಿ ಒಂದೊಂದು ಭಾಷೆಗೆ ಒಂದೊಂದು ಕಡತ. ಕನ್ನಡದ ಗುರುತು ‘ಕೆಎನ್’. ಕಡತದಲ್ಲಿ ಇಂಗ್ಲಿಷ್ ಪದದ ಕೆಳಗೆ ಅನುವಾದಕ್ಕೆಂದು ಒಂದು ಸಾಲು. ಅದು ಖಾಲಿ ಉಳಿದರೆ ಪರದೆಯಲ್ಲಿ ಇಂಗ್ಲಿಷೇ ಕಾಣುತ್ತದೆ. ಗ್ನೋಮ್, ಕೆಡಿಇಗಳ ಕನ್ನಡ ಅನುವಾದವೂ ಹೀಗೆ ಸಾಲುಸಾಲಾಗಿ ತುಂಬಿದ್ದು. ನಾನೂ ಪರೀಕ್ಷೆಗೆಂದು ಥುನಾರ್‌ನ ಒಂದು ಪದಕ್ಕೆ ಕನ್ನಡ ಬರೆದು ಮತ್ತೆ ಕಟ್ಟಿದೆ. ಆ ಪದ ಕನ್ನಡದಲ್ಲಿ ಮೂಡಿದಾಗ, ಬಾಲ್ಯದಲ್ಲಿ ಸ್ಲೇಟಿನ ಮೇಲೆ ಮೊದಲ ಬಾರಿ ಹೆಸರು ಬರೆದಂದಿನ ಸಂತೋಷವೇ ಆಯಿತು.

ಗಡಿಯಾಚೆ ಇರುವ ನಮಗೆ ಅಂಗಡಿಯ ಫಲಕದಿಂದ ಕಚೇರಿಯ ಅರ್ಜಿಯವರೆಗೆ ಕನ್ನಡವನ್ನು ಕೇಳಿ ಪಡೆಯಬೇಕಾದ ಪರಿಸ್ಥಿತಿ. ಈ ಕಡತದ ಖಾಲಿ ಸಾಲನ್ನು ತುಂಬಲು ಯಾರಿಗೂ ಮನವಿ ಸಲ್ಲಿಸಬೇಕಿಲ್ಲ; ಕನ್ನಡ ಬಲ್ಲವರು ಬೇಕು, ಅಷ್ಟೆ. ನಮ್ಮ ಶಾಲೆ ಐವತ್ತು ವರ್ಷಗಳಿಂದ ಅಂಥವರನ್ನು ಸಿದ್ಧಗೊಳಿಸಿದೆ. ಮನೆಯಲ್ಲಿ ಹಳೆಯ ಗಣಕವಿರುವ ಹಿರಿಯ ವಿದ್ಯಾರ್ಥಿಗಳು ಅದನ್ನು ಮಕ್ಕಳ ಕೈಗಿತ್ತು ಈ ಪ್ರಯೋಗಕ್ಕೆ ತೊಡಗಿಸಬೇಕೆಂದು ನನ್ನ ವಿನಂತಿ.