ಹೀಟರ್ ತರುವ ಮುನ್ನ ಒಂದು ಮಾತು

ತಮ್ಮಾ, ಈ ಸಲ ಥಂಡಿ ಜೋರಿದೆ, ಮನೆಗೊಂದು ಹೀಟರ್ ತಂದುಬಿಡೋಣ ಅಂತ ನೀನು ಯೋಚಿಸುತ್ತಿರುವುದು ನನ್ನ ಕಿವಿಗೂ ಬಿತ್ತು. ತರಬೇಡ ಎನ್ನಲು ನಾನು ಯಾರು? ರೊಕ್ಕ ನಿನ್ನದು. ಆದರೆ ಅಂಗಡಿ ಮೆಟ್ಟಿಲು ಹತ್ತುವ ಮೊದಲು ಈ ಮುದುಕನ ಮಾತು ಸ್ವಲ್ಪ ಕೇಳು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಥಂಡಿಯ ಗುಣ ತಿಳಿದವನಿಗೆ ಅದನ್ನು ಕಳೆಯಲು ಹೆಚ್ಚು ಖರ್ಚು ಬರುವುದಿಲ್ಲ.

ದೀಪಾವಳಿಗೆ ಹುಟ್ಟಿದ ಚಳಿ ಶಿವರಾತ್ರಿಗೆ ‘ಶಿವಶಿವಾ’ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ಆ ತಿಂಗಳುಗಳಲ್ಲೂ ನಮ್ಮಲ್ಲಿ ಮಧ್ಯಾಹ್ನ 28–30 ಡಿಗ್ರಿ ಬಿಸಿಲಿರುತ್ತದೆ. ತೊಗರಿ ಕೊಯ್ಯುವವರು ಹನ್ನೆರಡು ಗಂಟೆಗೆ ನೆರಳು ಹುಡುಕುತ್ತಾರೆ. ನಸುಕಿನಲ್ಲಿ ಅದೇ ಹೊಲದಲ್ಲಿ 15ರ ಆಸುಪಾಸು, ಕೆಟ್ಟ ದಿನಗಳಲ್ಲಿ 10ರ ಹತ್ತಿರ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಸಾರುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ಪಸೆಯಿಲ್ಲ. ಹಗಲು ನೆಲ ನುಂಗಿದ ಕಾವು ರಾತ್ರಿ ಯಾವ ತಡೆಯೂ ಇಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಭೀಮಾ ದಂಡೆಯ ಊರುಗಳಲ್ಲಿ ಇಬ್ಬನಿಯೂ ಸೇರಿಕೊಂಡು ಹಾಸಿಗೆ ತಣ್ಣಗಾಗುತ್ತದೆ. ಅಂದರೆ ನಮಗಿರುವುದು ನಡುರಾತ್ರಿಯಿಂದ ಹೊತ್ತು ಏರುವ ತನಕದ ಕಾಟ. ಹಗಲು ಪುಕ್ಕಟೆ ಬಂದ ಕಾವನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಂಡರೆ ಗೆದ್ದೆವು. ನಾನು ಹೇಳುವುದೆಲ್ಲ ಇಷ್ಟೇ, ಮುಂದಿನದು ಇದರ ವಿವರ.

ಮೊದಲು ಹೀಟರಿನ ಲೆಕ್ಕ ಹಾಕೋಣ. ಸಾವಿರ ವ್ಯಾಟಿನ ಹೀಟರ್ ಒಂದು ತಾಸು ಉರಿದರೆ ಒಂದು ಯೂನಿಟ್. ರಾತ್ರಿ ಆರು ತಾಸು ಹಚ್ಚಿದರೆ ಆರು ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿ ಇದೆಯಲ್ಲ ಅನ್ನಬೇಡ. 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಚಾಲನೆ ಪಡೆದ ಆ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ಬಹಳ ಮಂದಿ ತಿಳಿದಿದ್ದಾರೆ. ನಿನಗೆ ಸಿಗುವುದು ನಿನ್ನ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಇನ್ನೊಂದಿಷ್ಟು. ಸರಾಸರಿ 60 ಇದ್ದವನಿಗೆ ಶೇಕಡಾ 10 ಸೇರಿ 66 ಯೂನಿಟ್. ಅದನ್ನು ಮೀರಿದ್ದಕ್ಕೆ ರೊಕ್ಕ ಕಟ್ಟಬೇಕು, 200 ದಾಟಿತೋ ಪೂರ್ತಿ ಬಿಲ್ಲೇ ನಿನ್ನ ತಲೆಗೆ. ನಿನ್ನ 60ಕ್ಕೆ ಹೀಟರಿನ 180 ಕೂಡಿದರೆ 240. ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡಿದರೂ ಜೆಸ್ಕಾಂ ಬಿಲ್ 1,440 ರೂಪಾಯಿ. ಸೊನ್ನೆ ಬಿಲ್ ಬರುತ್ತಿದ್ದ ಮನೆ ಅದು. ಇನ್ನೊಂದು ಮಾತು: ಅಂಗಡಿಯವನು ಎಣ್ಣೆ ಹೀಟರ್, ಫ್ಯಾನ್ ಹೀಟರ್, ಹ್ಯಾಲೋಜನ್ ಅಂತ ನಾಲ್ಕು ತರಹ ತೋರಿಸುತ್ತಾನೆ. ಒಂದು ಯೂನಿಟ್ ಕರೆಂಟಿಗೆ ಎಲ್ಲವೂ ಕೊಡುವ ಕಾವು ಒಂದೇ. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಮನೆಯಲ್ಲಿ ಯಾವುದನ್ನು ಹಚ್ಚಿದರೂ ನೀನು ಕಾಸುವುದು ಓಣಿಯನ್ನು.

ಹಾಗಾದರೆ ಬಿಸಿಲು ಹಿಡಿಯುವುದು ಹೇಗೆ? ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿ, ಬಾಗಿಲು ಇದ್ದರೆ ಬೆಳಗ್ಗೆ ಒಂಬತ್ತು ಹತ್ತಕ್ಕೆ ತೆರೆದುಬಿಡು, ಪರದೆ ಸರಿಸು, ಬಿಸಿಲು ನೆಲದ ಮೇಲೆ ಬೀಳಲಿ. ಸಂಜೆ ನಾಲ್ಕೂವರೆ ಐದಕ್ಕೆ, ಹೊರಗೆ ಇನ್ನೂ ಬೆಚ್ಚಗಿರುವಾಗಲೇ ಮುಚ್ಚಿಬಿಡು. ಬಹಳ ಜನ ತಿರುವುಮುರುವು ಮಾಡುತ್ತಾರೆ. ಹಗಲೆಲ್ಲ ಧೂಳು ಅಂತ ಮುಚ್ಚಿಟ್ಟು, ಸಂಜೆ ಗಾಳಿಗೆ ತೆರೆದು ಕೂತು, ಥಂಡಿ ಒಳಗೆ ಬಂದ ಮೇಲೆ ಮುಚ್ಚಿಕೊಳ್ಳುತ್ತಾರೆ. ಹಾಸಿಗೆ, ಕೌದಿ ಹನ್ನೊಂದಕ್ಕೆ ಬಿಸಿಲಿಗೆ ಹಾಕಿ ಮೂರೂವರೆಗೆ ಒಳಗೆ ತಾ. ಹೊತ್ತು ಮುಳುಗುವ ತನಕ ಬಿಟ್ಟರೆ ಪಸೆ ಹಿಡಿಯುತ್ತದೆ. ತಂದವನ್ನು ಹರಡಬೇಡ, ಒಂದರ ಮೇಲೊಂದು ಮಡಚಿಡು, ಕಾವು ಬೇಗ ಆರುವುದಿಲ್ಲ.

ನೀರಿನ ವಿಷಯವೂ ಹಾಗೇ. ಮಾಳಿಗೆ ಮೇಲಿನ ಕರಿ ಸಿಂಟೆಕ್ಸ್ ಟಾಕಿಯ ನೀರು ಮಧ್ಯಾಹ್ನ ಮೂರರ ಹೊತ್ತಿಗೆ ಉಗುರು ಬೆಚ್ಚಗಿರುತ್ತದೆ. ಮಕ್ಕಳಿಗೆ, ಮುದುಕರಿಗೆ ಆಗಲೇ ಮೈ ತೊಳೆಸು. ನಸುಕಿನಲ್ಲಿ ಅದೇ ನೀರು ಕೈ ಕೊರೆಯುತ್ತದೆ, ಅದನ್ನು ಕಾಸಲು ಕಟ್ಟಿಗೆಯೋ ಗ್ಯಾಸೋ ಕರೆಂಟೋ ಎರಡು ಪಟ್ಟು ಹೋಗುತ್ತದೆ. ನಸುಕಿಗೇ ಸ್ನಾನ ಮಾಡಿ ಕೆಲಸಕ್ಕೆ ಹೋಗುವವರಿದ್ದರೆ ಹೊರಗಿನ ಒಲೆಯ ಮೇಲೆ ಹಂಡೆ ಇರಲಿ. ತೊಗರಿ ರಾಶಿಯಾದ ಮೇಲೆ ಕಟ್ಟಿಗೆಯನ್ನು ಹೊಲದಲ್ಲೇ ಸುಟ್ಟು ಹಾಕುತ್ತೀರಿ. ಜೇವರ್ಗಿ ಕಡೆ ಹತ್ತಿ ಕಟ್ಟಿಗೆಯದೂ ಅದೇ ಗತಿ. ಒಂದು ಗಾಡಿ ತಂದು ಮಳೆ ತಾಗದ ಕಡೆ ಒಟ್ಟಿದರೆ ಮುಂದಿನ ಥಂಡಿಗೂ ನೀರು ಕಾಸಲು ಬರುತ್ತದೆ.

ಇನ್ನು ಮನೆ. ನಮ್ಮಲ್ಲಿ ಈಗ ಮೂರು ತರಹದ ಮನೆಗಳಿವೆ, ಮೂರಕ್ಕೂ ಮದ್ದು ಬೇರೆ. ಹಳೆಯ ಮಣ್ಣಿನ ಮಾಳಿಗೆ ಮನೆಯ ಗೋಡೆ ಎರಡು ಅಡಿ ದಪ್ಪ. ಹಗಲಿನ ಕಾವು ಅದನ್ನು ದಾಟಿ ಒಳಗೆ ಬರಲು ತಾಸುಗಟ್ಟಲೆ ಬೇಕು, ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಂಥ ಮನೆ ನಿನ್ನ ಪಾಲಿಗೆ ಬಂದಿದ್ದರೆ ಹಳೆಯದೆಂದು ಕೆಡವಲು ಅವಸರ ಮಾಡಬೇಡ. ಗೋಡೆಗೆ ಮಣ್ಣು ಮೆತ್ತಿಸು, ಬಾಗಿಲ ಸಂದಿ ಮುಚ್ಚು, ಸಾಕು. ಬೆಳಕಿಂಡಿಯನ್ನು ಮಾತ್ರ ಪೂರ್ತಿ ಮುಚ್ಚಬೇಡ, ಕಾರಣ ಮುಂದೆ ಹೇಳುತ್ತೇನೆ.

ಎರಡನೆಯದು ಸ್ಲ್ಯಾಬಿನ ಮನೆ. ಗೋಡೆ ತೆಳ್ಳಗೆ, ನೆಲಕ್ಕೆ ಶಹಾಬಾದಿನ ಫರಸಿ. ಇಲ್ಲಿ ಥಂಡಿ ಏರುವುದು ಕಾಲಿನಿಂದ. ನೆಲಕ್ಕೆ ಜಮಖಾನೆಯೋ ಗೋಣಿ ತಟ್ಟೋ ಹಾಸು. ಮೂಡಣ ಗಾಳಿಗೆ ಎದುರಾಗಿರುವ ಬಾಗಿಲ ಕೆಳಗೆ ಹಳೆ ಸೀರೆಯನ್ನು ಉದ್ದಕ್ಕೆ ಸುತ್ತಿ ಒತ್ತಿಡು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ, ಅದೂ ಪಡುವಣದ ಬಿಸಿಲು ಉಂಡ ಗೋಡೆಯ ಕೋಣೆಯಲ್ಲಿ. ನಾಲ್ಕು ಜನರ ಮೈಯ ಕಾವೇ ಒಂದು ಸಣ್ಣ ಕೋಣೆಯನ್ನು ಬಹಳ ಮಟ್ಟಿಗೆ ಬೆಚ್ಚಗಿಡುತ್ತದೆ.

ಮೂರನೆಯದು ಪತ್ರಾಸಿನ ಮನೆ. ಹೆಚ್ಚು ಕಷ್ಟ ಇದರದೇ. ತಗಡು ಸಂಜೆಯಾಗುತ್ತಲೇ ಕಾವು ಬಿಟ್ಟುಕೊಡುತ್ತದೆ, ನಸುಕಿಗೆ ಅದರ ಒಳಮೈಯಲ್ಲಿ ನೀರು ಹನಿಯುತ್ತದೆ. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರ ತಟ್ಟಿಯನ್ನೋ, ಗೋಣಿ ತಟ್ಟು ಹೊಲಿದು ಮಾಡಿದ ಮೇಲ್ಕಟ್ಟನ್ನೋ ಬಿಗಿದು ಕಟ್ಟು. ನಡುವೆ ನಿಂತ ಗಾಳಿಯೇ ಥಂಡಿಯನ್ನು ತಡೆಯುತ್ತದೆ. ವೈಶಾಖದಲ್ಲಿ ತಗಡು ಕಾದು ತಲೆ ಸುಡುವಾಗಲೂ ಇದೇ ಮೇಲ್ಕಟ್ಟು ಕಾಪಾಡುತ್ತದೆ, ಹಾಗಾಗಿ ಹಾಕಿದ ರೊಕ್ಕ ವರ್ಷಕ್ಕೆ ಎರಡು ಸಲ ದುಡಿಯುತ್ತದೆ. ಒಲೆಯ ಮೇಲೆ, ಕರೆಂಟಿನ ತಂತಿಗೆ ತಾಗುವ ಹಾಗೆ ಮಾತ್ರ ಕಟ್ಟಬೇಡ.

ಮನೆಗಿಂತ ಮುಖ್ಯ ಹಾಸಿಗೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಗಾಣಗಾಪುರಕ್ಕೆ ಬರುವ ಮಂದಿಯಲ್ಲಿ ಎಷ್ಟೋ ಜನ ಬಯಲಲ್ಲೇ ಕಲ್ಲಿನ ಮೇಲೆ ರಾತ್ರಿ ಕಳೆಯುತ್ತಾರೆ. ಅವರಲ್ಲಿ ಹಿರಿಯರನ್ನು ನೋಡು, ಇದ್ದ ಬಟ್ಟೆಯಲ್ಲಿ ಹೆಚ್ಚಿನದನ್ನು ಮೈಕೆಳಗೆ ಹಾಸಿಕೊಳ್ಳುತ್ತಾರೆ. ಹೊದೆಯಲು ಒಂದು, ಹಾಸಲು ಎರಡು, ಇದು ಸೂತ್ರ. ಹೊರಸಿನ ಮೇಲೆ ಮಲಗುವವನಿಗೆ ಇದು ಇನ್ನೂ ಹೆಚ್ಚು ಅನ್ವಯ, ಅದರ ಹುರಿಗಳ ನಡುವೆ ಕೆಳಗಿನಿಂದ ಗಾಳಿ ಆಡುತ್ತದೆ. ನೆಲದ ಮೇಲಾದರೆ ಒಣ ಜೋಳದ ಕಣಿಕಿ ಹರಡಿ ಮೇಲೆ ತಟ್ಟು, ಅದರ ಮೇಲೆ ಕೌದಿ.

ಕೌದಿಯನ್ನು ಹಗುರಾಗಿ ನೋಡಬೇಡ. ಅವ್ವನ ಹಳೆ ಸೀರೆ, ಅಪ್ಪನ ಹಳೆ ಧೋತರ ಪದರ ಪದರವಾಗಿ ಸೇರಿ, ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ಗಾಳಿಯಿಂದಲೇ ಬೆಚ್ಚನೆ. ಅದಕ್ಕೇ ದಪ್ಪದ್ದೊಂದು ರಗ್ಗಿಗಿಂತ ತೆಳ್ಳನೆಯ ಎರಡು ಹೊದಿಕೆ ಮೇಲು. ಊರಲ್ಲಿ ಕೌದಿ ಹೊಲಿದುಕೊಡುವ ಹೆಂಗಸರಿದ್ದಾರೆ, ಕೂಲಿ ಕೊಟ್ಟು ಹೊಲಿಸು, ಅವರ ಒಲೆಯೂ ಉರಿಯುತ್ತದೆ. ಕುರುಬರು ನೇಯ್ದ ಕರಿ ಕಂಬಳಿ ಸಿಕ್ಕರೆ ಬಿಡಬೇಡ. ಹುಣಸೆ ಬೀಜದ ಸರಿ ಹಾಕಿದ್ದರಿಂದ ಮೊದಮೊದಲು ಒರಟು, ಚುಚ್ಚುತ್ತದೆ. ಒಳಗೊಂದು ಸೊಲ್ಲಾಪುರದ ಚಾದರ ಹೊದ್ದು ಮೇಲೆ ಕಂಬಳಿ ಹಾಕಿಕೋ. ಉಣ್ಣೆ ಇಬ್ಬನಿಗೆ ಒದ್ದೆಯಾದರೂ ಬೆಚ್ಚನೆಯ ಗುಣ ಬಿಡುವುದಿಲ್ಲ, ನಸುಕಿನಲ್ಲಿ ಹೊಲಕ್ಕೆ ನೀರು ಬಿಡಲು ಹೋಗುವವನಿಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಮಲಗುವ ಮುಂಚೆ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಕಾಲಿನ ಕಡೆ ಕೌದಿಯೊಳಗೆ ಇಡು. ಗಟ್ಟಿ ಮುಚ್ಚಳದ ಸ್ಟೀಲ್ ಬಾಟಲಿಯಾದರೂ ಆದೀತು, ತೆಳು ಪ್ಲಾಸ್ಟಿಕ್ ಬಾಟಲಿ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿದ್ದರೆ ಹಾಸಿಗೆ ಬೆಚ್ಚಗಾದ ಮೇಲೆ ಅದನ್ನು ತೆಗೆದೇ ಅವರನ್ನು ಮಲಗಿಸು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಈಗ ಬೆಂಕಿಯ ಮಾತು. ಬೆಂಕಿ ಕಾಸುವುದು ನಮಗೆ ಹೊಸದಲ್ಲ. ಕಟ್ಟೆಯ ಮುಂದೆ ನಾಲ್ಕು ಕುಳ್ಳು ಹಚ್ಚಿ ಸುತ್ತ ಕೂತು ಮಾತಾಡಿದರೆ ಮೈಯೂ ಬೆಚ್ಚಗೆ, ಮನಸ್ಸೂ ಬೆಚ್ಚಗೆ. ಹೊರಗೆ ಕಾಸಿರಿ, ಏಳುವಾಗ ನೀರು ಹೊಯ್ದು ಏಳಿರಿ. ಕಣಿಕಿ ಬಣವೆಯ ಹತ್ತಿರ, ಕಬ್ಬು ಕಡಿಯುವವರ ಒಣ ರವದಿಯ ಗುಡಿಸಲ ಹತ್ತಿರ ಬೇಡವೇ ಬೇಡ. ಆದರೆ ಆ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುವುದಿದೆಯಲ್ಲ, ಅದು ಸಾವನ್ನು ಪಕ್ಕದಲ್ಲಿ ಮಲಗಿಸಿಕೊಂಡ ಹಾಗೆ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಹೀಗೇ ಕೋಣೆಯಲ್ಲಿ ಇದ್ದಿಲು ಹಚ್ಚಿ ಮಲಗಿದ ಮೂವರು ಯುವಕರು ಬೆಳಗ್ಗೆ ಏಳಲೇ ಇಲ್ಲ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಹೊಗೆ ಆಡುತ್ತಿಲ್ಲ, ಕೆಂಡ ನಿಗಿನಿಗಿ ಇದೆ, ಏನಾಗುತ್ತದೆ ಎನ್ನುವವನೇ ಮೊದಲು ಮೋಸ ಹೋಗುವುದು.

ಅಲ್ಲ ಮುತ್ಯಾ, ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುತ್ತಿದ್ದರಲ್ಲ, ಆಗ ಯಾರು ಸತ್ತರು ಅಂತ ನೀನು ಕೇಳಬಹುದು. ಆಗಲೂ ಅಪಾಯ ಇರಲಿಲ್ಲ ಎನ್ನಲಾರೆ. ಆದರೆ ಆ ಮನೆಗೆ ಬೆಳಕಿಂಡಿ ಇತ್ತು, ಬಾಗಿಲಿಗೆ ಬೆರಳು ತೂರುವಷ್ಟು ಸಂದಿ ಇತ್ತು, ಪಕ್ಕದಲ್ಲಿ ಒಬ್ಬಳು ಹಿರಿಯಳು ಎಚ್ಚರವಿರುತ್ತಿದ್ದಳು. ಈಗ ಸ್ಲ್ಯಾಬು, ಸರಿಸುವ ಗಾಜಿನ ಕಿಟಕಿ, ಚಿಲಕ. ಪದ್ಧತಿ ಹಳೆಯದೇ ಉಳಿಯಿತು, ಮನೆ ಬದಲಾಯಿತು. ಆದ್ದರಿಂದ ತಂಗಿ, ನಿನಗೂ ಹೇಳುತ್ತೇನೆ, ಬಾಣಂತಿ ಕೋಣೆಯಲ್ಲಿ ಕೆಂಡ ಬೇಡ, ಲೋಬಾನದ ಹೊಗೆ ಬೇಡ. ಕೂಸನ್ನು ಬೆಚ್ಚಗಿಡಲು ತಾಯಿಯ ಎದೆಗಿಂತ ದೊಡ್ಡ ಒಲೆ ಇಲ್ಲ. ಮೈಗೆ ಮೈ ತಾಗುವ ಹಾಗೆ ಅವಚಿಕೊಂಡು ಮೇಲೆ ಹೊದ್ದುಕೋ. ಕೂಸಿಗೆ ಕುಂಚಿಗೆ, ಕಾಲಿಗೆ ಚೀಲ ಇರಲಿ. ಮುಖ ಮಾತ್ರ ಮುಚ್ಚಬೇಡ. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆ ನೋವು, ತಲೆ ಸುತ್ತು, ಓಕರಿಕೆ ಬಂದರೆ ಮೊದಲು ಎಲ್ಲರನ್ನೂ ಹೊರಗೆ ಗಾಳಿಗೆ ತಂದು ಆಮೇಲೆ 108ಕ್ಕೆ ಫೋನ್ ಮಾಡು.

ಮನೆಯ ಹಿರಿಯರ ಬಗ್ಗೆಯೂ ಒಂದು ಮಾತು. ಥಂಡಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ನಸುಕಿನ ಐದಕ್ಕೇ ಎದ್ದು ಹೊರಗೆ ಹೋಗುವ ಚಟ ಇದ್ದರೆ ಈ ಎರಡು ತಿಂಗಳು ಹೊತ್ತು ಏರಿದ ಮೇಲೆ ಹೋಗಲಿ. ತಲೆಗೆ ರುಮಾಲು, ಕಿವಿಗೆ ಮಫ್ಲರ್ ಇರಲಿ. ಊಟದ ಬುದ್ಧಿ ನಮ್ಮ ಹಬ್ಬಗಳಲ್ಲೇ ಇದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಒಂದು ದಿನಕ್ಕೇ ಮುಗಿಯಬೇಕಿಲ್ಲ. ರಾತ್ರಿ ಬಿಸಿ ಸಜ್ಜೆ ರೊಟ್ಟಿ ಉಂಡು ಮಲಗಿದವನಿಗೆ ಒಳಗಿನ ಕಾವು ಬಹಳ ಹೊತ್ತು ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದು ರೊಕ್ಕ ಹಾಕಲೇಬೇಕೆಂದರೆ, ಕೋಣೆ ಕಾಸುವ ಹೀಟರ್ ಬಿಟ್ಟು ಹಾಸಿಗೆ ಕಾಸುವ ಕರೆಂಟಿನ ಹೊದಿಕೆ ನೋಡು. ನೂರು ವ್ಯಾಟಿನದು ಎಂಟು ತಾಸಿಗೆ ಒಂದು ಯೂನಿಟ್ಟೂ ತಿನ್ನುವುದಿಲ್ಲ. ಕೂಸಿಗೆ, ಹಾಸಿಗೆ ಒದ್ದೆ ಮಾಡಿಕೊಳ್ಳುವವರಿಗೆ ಅದು ಸಲ್ಲದು. ಹೀಟರನ್ನೇ ತಂದೆಯಾದರೆ ಮಲಗುವ ಮುನ್ನ ಅರ್ಧ ತಾಸು ಹಚ್ಚಿ ಆರಿಸು, ಬಟ್ಟೆ ಒಣಗಿಸಲು ಅದರ ಮೇಲೆ ಹಾಕಬೇಡ.

ಕೊನೆಗೆ ನಿನ್ನಿಂದ ನಾನು ಕೇಳುವುದು ಎರಡೇ. ನಾಳೆಯಿಂದ ಹೊತ್ತು ಮುಳುಗುವ ಮುಂಚೆ ಕಿಟಕಿ ಬಾಗಿಲು ಮುಚ್ಚು, ಒಂದು ವಾರ ಹಾಗೆ ಮಾಡಿ ನೋಡಿ ಆಮೇಲೆ ಬೇಕೆನಿಸಿದರೆ ಅಂಗಡಿಗೆ ಹೋಗು. ಮತ್ತೆ, ನಿನ್ನ ಹೊಲದಲ್ಲಿ ಕಬ್ಬು ಕಡಿಯಲು, ತೊಗರಿ ಕೊಯ್ಯಲು ಬಂದು ಬಯಲಲ್ಲಿ ಮಲಗಿದವರಿಗೆ ಮನೆಯಲ್ಲಿರುವ ಹೆಚ್ಚಿನ ಕೌದಿಯೊಂದನ್ನು ಒಯ್ದು ಕೊಡು, ಗುಡಿಸಲೊಳಗೆ ಕೆಂಡ ಇಟ್ಟುಕೊಂಡು ಮಲಗಬೇಡಿರಿ ಅಂತ ನೀನೇ ಹೋಗಿ ಹೇಳು.